ಶೀಲದ ಕಾವಲು, ಶ್ರದ್ಧೆಯ ಕ್ಷಯ

1971ನೆಯ ಇಸವಿ ಮೇ 22ರಂದು ಐರ್ಲೆಂಡಿನ ರಾಜಧಾನಿಯಾದ ಡಬ್ಲಿನ್ನಿನಿಂದ ಕೆಲವು ಮಂದಿ ಹೆಂಗಸರು ರೈಲು ಹತ್ತಿ ಬೆಲ್‌ಫಾಸ್ಟಿಗೆ ಹೋದರು. ಬೆಲ್‌ಫಾಸ್ಟ್ ಬ್ರಿಟನ್ನಿನ ಆಡಳಿತಕ್ಕೆ ಸೇರಿದ ಊರು. ಅಲ್ಲಿ ಸಂತಾನ ನಿರೋಧದ ಸಾಮಾನುಗಳನ್ನು ಕೊಂಡು ಸಂಜೆಗೆ ಹಿಂದಿರುಗಿ, ಡಬ್ಲಿನ್ ನಿಲ್ದಾಣದಲ್ಲಿ ಸುಂಕದವರ ಕಣ್ಣೆದುರಿಗೇ ಅವನ್ನು ಎತ್ತಿ ತೋರಿಸಿದರು. ಗುಳಿಗೆಗೆ ವೈದ್ಯರ ಚೀಟಿ ಬೇಕಾಗಿತ್ತು. ಅದಿಲ್ಲದ್ದರಿಂದ ಆಸ್ಪಿರಿನ್ ಗುಳಿಗೆಗಳನ್ನೇ ತಂದು ಝಳಪಿಸಿದರಂತೆ. ಸುಂಕದವರಿಗೆ ಎರಡಕ್ಕೂ ಇರುವ ವ್ಯತ್ಯಾಸ ತಿಳಿದಿದ್ದರೆ ತಾನೆ! ಯಾರನ್ನೂ ಹಿಡಿಯಲಿಲ್ಲ.

ಆ ದೇಶದಲ್ಲಿ ಇಂಥ ಸಾಮಾನು ಮಾರುವುದೂ ಹೊರಗಿನಿಂದ ತರುವುದೂ 1935ರ ಕಾನೂನಿನಂತೆ ಅಪರಾಧವಾಗಿತ್ತು. ನಮ್ಮ ಸರ್ಕಾರ ಕುಟುಂಬ ಯೋಜನೆಯನ್ನು ತಾನೇ ಕೈಗೊಂಡದ್ದು 1952ರಲ್ಲಿ ಎಂಬುದನ್ನು ನೆನೆದರೆ, ಇಗರ್ಜಿಯ ಮಾತು ಅಲ್ಲಿ ಎಷ್ಟರಮಟ್ಟಿಗೆ ರಾಜ್ಯದ ಶಾಸನವಾಗಿತ್ತೆಂಬುದು ತಿಳಿಯುತ್ತದೆ.

ಜನರ ನಡತೆ ಸಡಿಲವಾದ್ದರಿಂದ ದೈವಭಕ್ತಿ ಕುಂದಿತೆಂದು ಕೆಲವರು ಹೇಳುತ್ತಾರೆ. ಭಕ್ತಿ ಕುಂದಿದ್ದರಿಂದಲೇ ನಡತೆ ಸಡಿಲವಾಯಿತೆಂದು ಇನ್ನು ಕೆಲವರು. ಐರ್ಲೆಂಡಿನ ಮಟ್ಟಿಗೆ ಈ ಎರಡು ಮಾತೂ ಸಾಲವು ಎಂದು ನನಗೆ ತೋರುತ್ತದೆ. ಅಲ್ಲಿ 1961ರ ಜನಗಣತಿಯಲ್ಲಿ ಸುಮಾರು ಶೇಕಡ 95ರಷ್ಟು ಮಂದಿ ಕೆಥೋಲಿಕರು; 2022ರಲ್ಲಿ ಅದು ಶೇಕಡ 69ಕ್ಕೆ ಇಳಿದಿತ್ತು. ಈ ಇಳಿತಕ್ಕೆ ಕಾರಣ ಹುಡುಕುವಾಗ ಸಿನಿಮಾ, ನಾಸ್ತಿಕವಾದ ಇವುಗಳ ಕಡೆಗಷ್ಟೇ ಬೆರಳು ಮಾಡಿದರೆ ಮುಖ್ಯವಾದದ್ದು ತಪ್ಪಿಹೋಗುತ್ತದೆ.

ದಾಂಪತ್ಯನಿಷ್ಠೆ, ಸಂಯಮ ಇವುಗಳನ್ನು ನಾನು ಹಗುರವಾಗಿ ಕಾಣುವವನಲ್ಲ. ಐರಿಷ್ ಜನ ಅವುಗಳಿಗೆ ಅಷ್ಟು ಬಿಗಿಯಾಗಿ ಕಟ್ಟುಬಿದ್ದುದಕ್ಕೆ ಹೊಟ್ಟೆಪಾಡಿನ ಕಾರಣವೂ ಇತ್ತು. 1845ರಿಂದ ಐದಾರು ವರ್ಷ ಆಲೂಗಡ್ಡೆಯ ಬೆಳೆ ಕೆಟ್ಟು ಭೀಕರ ಕ್ಷಾಮ ಬಂತು. ಅದಾದ ಮೇಲೆ ರೈತರು ಹೊಲವನ್ನು ತುಂಡು ಮಾಡಿ ಹಂಚುವುದನ್ನು ಬಿಟ್ಟು ಒಬ್ಬನೇ ಮಗನಿಗೆ ಕೊಡತೊಡಗಿದರು. ಮಿಕ್ಕವರು ಹಡಗು ಹತ್ತಬೇಕು, ಇಲ್ಲವೆ ಮದುವೆಯಿಲ್ಲದೆ ಮನೆಯಲ್ಲೇ ಮುದುಕರಾಗಬೇಕು. ಅಂಥ ಸಂಸಾರದಲ್ಲಿ ಹುಡುಗಿಯೊಬ್ಬಳು ಮದುವೆಯಾಗದೆ ಬಸುರಾದರೆ ಪಾಪದ ಭಯದ ಜೊತೆಗೆ ಜಮೀನಿನ ಲೆಕ್ಕವೂ ತಪ್ಪುತ್ತಿತ್ತು. ಪಾದ್ರಿಗಳ ಬೋಧನೆಯೂ ಯಜಮಾನನ ಅನುಕೂಲವೂ ಒಂದನ್ನೊಂದು ಚೆನ್ನಾಗಿ ಹೊಂದಿಕೊಂಡವು.

ಹೀಗೆ ಮನೆಗೆ ಬೇಡವಾದವರನ್ನು ಇಡಲು ಕನ್ನಿಕಾಮಠಗಳ ಆಶ್ರಯದಲ್ಲಿ ಮ್ಯಾಗ್ಡಲೀನ್ ಲಾಂಡ್ರಿಗಳೆಂಬ ಸಂಸ್ಥೆಗಳಿದ್ದುವು. 1922ರಿಂದೀಚೆಗೆ ಹತ್ತು ಸಾವಿರಕ್ಕೂ ಮೇಲೆ ಹೆಂಗಸರು ಅಲ್ಲಿ ಸಂಬಳವಿಲ್ಲದೆ ಊರವರ ಬಟ್ಟೆ ಒಗೆದರು. ಎಲ್ಲರೂ ದಾರಿತಪ್ಪಿದವರೇನಲ್ಲ, ಅನಾಥರಿದ್ದರು, ಬಡವರಿದ್ದರು. ಕೊನೆಯ ಲಾಂಡ್ರಿ ಮುಚ್ಚಿದ್ದು 1996ರಲ್ಲಿ. ಇದಕ್ಕೆ ಮೂರು ವರ್ಷ ಮೊದಲು ಡಬ್ಲಿನ್ನಿನ ಹೈ ಪಾರ್ಕ್ ಮಠದವರು ಜಮೀನು ಮಾರಿ, ಅಲ್ಲಿನ ಗೋರಿಗಳನ್ನು ಅಗೆಸಿದಾಗ 155 ಹೆಂಗಸರ ಅವಶೇಷಗಳು ದೊರೆತವು. ಅವರಲ್ಲಿ ಎಷ್ಟೋ ಮಂದಿಯ ಮರಣ ದಾಖಲಾಗಿಯೇ ಇರಲಿಲ್ಲ. ಕೆಲವರ ನಿಜವಾದ ಹೆಸರೂ ತಿಳಿದಿರಲಿಲ್ಲ. ಆ ಕಾಲದ ಗಂಡಸರನ್ನು ತಿದ್ದಲು ಒಂದಾದರೂ ಲಾಂಡ್ರಿ ಇತ್ತೆ ಎಂದು ಕೇಳಿದರೆ, ಇರಲಿಲ್ಲ.

1992ರಲ್ಲಿ ಗಾಲ್ವೇ ನಗರದ ಬಿಷಪರಾದ ಈಮನ್ ಕೇಸಿ ಅವರಿಗೆ ಹದಿಹರೆಯದ ಮಗನಿರುವುದು ಬಯಲಾಯಿತು. ಜನ ಅದನ್ನು ಮನುಷ್ಯಸಹಜ ದೌರ್ಬಲ್ಯವೆಂದು ಕ್ಷಮಿಸುತ್ತಿದ್ದರೇನೋ. ಅದರ ಹಿಂದೆಯೇ, ಪಾದ್ರಿಗಳು ಮಕ್ಕಳ ಮೇಲೆ ನಡೆಸಿದ ಅತ್ಯಾಚಾರಗಳೂ ಮೇಲಿನವರು ಅವನ್ನು ಮುಚ್ಚಿಟ್ಟದ್ದೂ ಒಂದೊಂದಾಗಿ ಹೊರಬಿದ್ದವು. ಜನರು ಕಳೆದುಕೊಂಡದ್ದು ಮೊದಲು ದೇವರಲ್ಲಿ ನಂಬಿಕೆಯನ್ನಲ್ಲ, ಪಾಪನಿವೇದನೆ ಕೇಳುತ್ತಿದ್ದವರಲ್ಲಿ ಇದ್ದ ನಂಬಿಕೆಯನ್ನು.

ಅದೇ ಗಾಲ್ವೇ ನಗರದ ಇನ್ನೊಂದು ಸಂಗತಿ ನಮಗೆ ಹತ್ತಿರದ್ದು. ದಂತವೈದ್ಯೆ ಸವಿತಾ ಹಾಲಪ್ಪನವರ ಬೆಳಗಾವಿಯ ಹೆಣ್ಣುಮಗಳು. 2012ರ ಅಕ್ಟೋಬರಿನಲ್ಲಿ, ಹದಿನೇಳು ವಾರದ ಬಸುರಿ, ಬೆನ್ನುನೋವೆಂದು ಅಲ್ಲಿನ ಆಸ್ಪತ್ರೆಗೆ ಸೇರಿದಳು. ಗರ್ಭ ಉಳಿಯುವುದಿಲ್ಲವೆಂದು ವೈದ್ಯರೇ ಹೇಳಿದರು. ಹಾಗಾದರೆ ತೆಗೆದುಬಿಡಿ ಎಂದು ಆಕೆ ಕೇಳಿಕೊಂಡಳು. ಶಿಶುವಿನ ಎದೆ ಬಡಿತ ನಿಂತಿಲ್ಲವಾದ್ದರಿಂದ ಕಾನೂನು ಅಡ್ಡ ಬಂತು. ಇದು ಕೆಥೋಲಿಕ ದೇಶವೆಂಬ ಅರ್ಥದ ಮಾತನ್ನು ಸೂಲಗಿತ್ತಿಯೊಬ್ಬರು ಆಡಿದ್ದರೆಂಬುದು ಮುಂದೆ ವಿಚಾರಣೆಯಲ್ಲಿ ತಿಳಿದುಬಂತು. ಸವಿತಾ ಕೆಥೋಲಿಕಳೂ ಅಲ್ಲ. ರಕ್ತಕ್ಕೆ ನಂಜೇರಿ 28ರಂದು ತೀರಿಕೊಂಡಳು, ವಯಸ್ಸು 31. ನಂಜನ್ನು ಸಕಾಲದಲ್ಲಿ ಗುರುತಿಸದ ವೈದ್ಯಕೀಯ ಲೋಪವೂ ಇತ್ತೆಂದು ತನಿಖೆ ಹೇಳಿತು.

2018ರ ಮೇ 25ರಂದು ಗರ್ಭಪಾತದ ನಿಷೇಧವನ್ನು ಸಂವಿಧಾನದಿಂದ ತೆಗೆಯಬೇಕೆ ಎಂದು ಜನರನ್ನು ಕೇಳಲಾಯಿತು. ಮಗಳನ್ನು ನೆನೆದು ಮತ ಕೊಡಿ ಎಂದು ಬೆಳಗಾವಿಯಿಂದ ಆಕೆಯ ತಂದೆತಾಯಿ ಬೇಡಿಕೊಂಡಿದ್ದರು. ಶೇಕಡ 66ಕ್ಕೆ ಮೇಲ್ಪಟ್ಟು ಮಂದಿ ತೆಗೆಯಿರಿ ಎಂದರು. ಎರಡು ವರ್ಷದ ಹಿಂದಿನ ಜನಗಣತಿಯಲ್ಲಿ ಶೇಕಡ 78 ಮಂದಿ ತಾವು ಕೆಥೋಲಿಕರೆಂದು ಬರೆಸಿದ್ದರು! ಅಂದಮೇಲೆ ಶಿಲುಬೆ ತೂಗುವ ಮನೆಗಳಿಂದಲೇ ಎಷ್ಟೋ ಮತ ಬಂದಿರಬೇಕು. ಅವರು ಆಜ್ಞೆಯನ್ನು ಮೀರಿದರೆಂಬುದು ನಿಜ. ಅದಕ್ಕಾಗಿ ಅವರನ್ನು ನಾಸ್ತಿಕರೆಂದು ಕರೆಯಲು ನನಗೆ ಮನಸ್ಸು ಬಾರದು.

1979ರಲ್ಲಿ ಪೋಪ್ ಎರಡನೆಯ ಜಾನ್ ಪಾಲರು ಡಬ್ಲಿನ್ನಿಗೆ ಬಂದಾಗ ಫೀನಿಕ್ಸ್ ಪಾರ್ಕಿನಲ್ಲಿ ಹತ್ತು ಲಕ್ಷಕ್ಕೂ ಮೇಲೆ ಜನ ನೆರೆದಿದ್ದರು. ಆಗ ದೇಶದ ಜನಸಂಖ್ಯೆಯೇ ಸುಮಾರು 34 ಲಕ್ಷ. 2018ರ ಆಗಸ್ಟಿನಲ್ಲಿ ಪೋಪ್ ಫ್ರಾನ್ಸಿಸರು ಅದೇ ಮೈದಾನಕ್ಕೆ ಬಂದಾಗ ಸೇರಿದವರು ಒಂದೂವರೆ ಲಕ್ಷದ ಆಸುಪಾಸು. ಪೂಜೆಯ ಆರಂಭದಲ್ಲೇ ಅವರು ಇಗರ್ಜಿಯ ತಪ್ಪುಗಳನ್ನು ಒಂದೊಂದಾಗಿ ಹೇಳಿ ಕ್ಷಮೆ ಬೇಡಿದರು. ಮದುವೆಯಿಲ್ಲದೆ ಹೆತ್ತ ತಾಯಂದಿರಿಂದ ಕಿತ್ತುಕೊಂಡ ಮಕ್ಕಳನ್ನೂ ನೆನೆದರು. ಹೆತ್ತವಳು ಮಗುವನ್ನು ಹುಡುಕುವುದಾಗಲಿ, ಮಗು ತಾಯಿಯನ್ನು ಹುಡುಕುವುದಾಗಲಿ ಮಹಾಪಾಪವೆಂದು ಅವರಿಗೆ ಹೇಳಿಕೊಡಲಾಗಿತ್ತು. ಅದು ಪಾಪವಲ್ಲ, ತಂದೆತಾಯಿಯರನ್ನು ಗೌರವಿಸೆಂಬ ದೇವರ ಆಜ್ಞೆಯನ್ನು ನಡೆಸಿದಂತೆಯೇ ಎಂದರು ಪೋಪರು. ಆ ಮಕ್ಕಳಲ್ಲಿ ಅನೇಕರಿಗೆ ಆ ವೇಳೆಗಾಗಲೇ ಅರವತ್ತು ದಾಟಿತ್ತು.