ಕಂಪ್ಯೂಟರ್ ಏಳದಿದ್ದರೆ ಫಾರ್ಮ್ಯಾಟ್ ಬೇಡ

ಒಂದೇ ಕಂಪ್ಯೂಟರಿನಲ್ಲಿ ವಿಂಡೋಸ್, ಉಬುಂಟು ಎರಡನ್ನೂ ಇಟ್ಟುಕೊಂಡವರಿಗೆ ಈ ಮಾತು. ಪಾರ್ಟಿಶನ್ ಹಿಗ್ಗಿಸಿ ಕುಗ್ಗಿಸಿದ ಮರುದಿನ ಆನ್ ಮಾಡಿದರೆ ಕಪ್ಪು ಪರದೆ, ‘ಗ್ರಬ್ ರೆಸ್ಕ್ಯೂ’ ಎಂಬ ಎರಡೇ ಪದ. ಅಂಗಡಿಯವರು ‘ಫಾರ್ಮ್ಯಾಟ್ ಮಾಡಿಬಿಡೋಣ’ ಎಂದರೆ ಒಪ್ಪಬೇಡಿ! ಹೆಚ್ಚಿನ ಸಲ ಕೆಟ್ಟಿರುವುದು ಬಾಗಿಲು ಮಾತ್ರ. ಮಗುವಿನ ಫೋಟೋ, ಊರಿನ ಜಮೀನಿನ ಪಹಣಿ ಒಳಗೆ ಹಾಗೇ ಇರುತ್ತವೆ.

ಬೇರೆ ಕಂಪ್ಯೂಟರಿನಲ್ಲಿ ಉಬುಂಟುವಿನ ಪೆನ್‌ಡ್ರೈವ್ ತಯಾರಿಸಿ, ಅದರಿಂದ ಬೂಟ್ ಮಾಡಿ. ‘ಇನ್‌ಸ್ಟಾಲ್’ ಅಲ್ಲ, ‘ಟ್ರೈ’ ಒತ್ತಿ. ಮೊದಲು ಫೈಲುಗಳನ್ನು ಹೊರಗಿನ ಡಿಸ್ಕಿಗೆ ಕಾಪಿ ಮಾಡಿಕೊಳ್ಳಿ. ವಿಂಡೋಸ್‌ಗೆ ಬಿಟ್‌ಲಾಕರ್ ಬೀಗವಿದ್ದರೆ 48 ಅಂಕಿಗಳ ರಿಕವರಿ ಕೀ ಬೇಕು. ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಹುಡುಕಿ. ಆಮೇಲೆ ‘ಬೂಟ್ ರಿಪೇರ್’ ಎಂಬ ಉಚಿತ ತಂತ್ರಾಂಶ ಇಳಿಸಿಕೊಂಡು ಗ್ರಬ್ ಸರಿಪಡಿಸಿ. ಡಿಸ್ಕಿನಿಂದ ಟಕಟಕ ಸದ್ದು ಬರುತ್ತಿದ್ದರೆ ಮಾತ್ರ ಇದ್ಯಾವುದೂ ಬೇಡ. ಆಫ್ ಮಾಡಿ, ಡೇಟಾ ರಿಕವರಿಯವರಿಗೆ ಕೊಡಿ.