ಗುಂಪಿಗೆ ಹೆಸರಿಡುವ ವಿದ್ಯೆ



ಕಂಪ್ಯೂಟರ್ ವಿನ್ಯಾಸದ ಸಂಕಿರಣವನ್ನು ವ್ಯಾಕರಣದಿಂದ ಶುರುಮಾಡುತ್ತಿದ್ದೇನೆ, ಸ್ವಲ್ಪ ಸಹಿಸಿಕೊಳ್ಳಿ. ಹೈಸ್ಕೂಲಿನಲ್ಲಿ ನಾವೆಲ್ಲ ಯಣ್ ಸಂಧಿ ಕಲಿತವರು. ‘ಪ್ರತಿ’ಗೆ ‘ಉತ್ತರ’ ಸೇರಿದರೆ ‘ಪ್ರತ್ಯುತ್ತರ’, ‘ಮನು’ವಿಗೆ ‘ಅಂತರ’ ಸೇರಿದರೆ ‘ಮನ್ವಂತರ’. ಆದರೆ ಈ ‘ಯಣ್’ ಅಂದರೇನು ಎಂದು ಮೇಷ್ಟ್ರನ್ನು ಕೇಳಿದವರು ಕಡಿಮೆ. ಅದು ಯ, ವ, ರ, ಲ ಎಂಬ ನಾಲ್ಕು ಅಕ್ಷರಗಳ ಗುಂಪಿನ ಹೆಸರು. ಜಶ್ತ್ವ ಸಂಧಿಯ ‘ಜಶ್’ ಕೂಡ ಹಾಗೆಯೇ: ಜ, ಬ, ಗ, ಡ, ದ. ಪಾಣಿನಿಯ ವ್ಯಾಕರಣ ಪ್ರತಿ ಸೂತ್ರದಲ್ಲೂ ಈ ಅಕ್ಷರಗಳನ್ನು ಹೊಸದಾಗಿ ಎಣಿಸುತ್ತಾ ಕೂರುವುದಿಲ್ಲ. ಮೊದಲಿಗೇ 14 ಸಾಲುಗಳಲ್ಲಿ ವರ್ಣಗಳನ್ನು ಜೋಡಿಸಿಟ್ಟು, ಗುಂಪಿನ ಮೊದಲ ಅಕ್ಷರಕ್ಕೆ ಕೊನೆಯ ಗುರುತನ್ನು ಅಂಟಿಸಿ ಹೆಸರು ಮಾಡುತ್ತದೆ. ಆ ಜೋಡಣೆ ನಮ್ಮ ವರ್ಣಮಾಲೆಯ ಕ್ರಮದಲ್ಲಿಲ್ಲ. ಒಟ್ಟಿಗೆ ಕೆಲಸಮಾಡುವ ಅಕ್ಷರಗಳು ಅಕ್ಕಪಕ್ಕ ಬರುವಂತೆ ಕ್ರಮವನ್ನೇ ಬದಲಿಸಲಾಗಿದೆ.

ಈ ಸಂಕಿರಣದ ವಿಷಯವೂ ಅದೇ. ಕ್ಯಾಡ್‌ನಲ್ಲಿ ಒಮ್ಮೆ ಮಾಡಿದ ಆಯ್ಕೆಯನ್ನು ಮತ್ತೆ ಬಳಸುವುದು ಒಂದು, ಒಂದೇ ಅಸೆಂಬ್ಲಿಯ ಹಲವು ರೂಪಗಳನ್ನು, ಅಂದರೆ ಕಾನ್ಫಿಗರೇಶನ್‌ಗಳನ್ನು, ನಿಭಾಯಿಸುವುದು ಇನ್ನೊಂದು. ಆಹ್ವಾನ ಪತ್ರಿಕೆಯಲ್ಲಿ ಇವು ಎರಡು ಗೋಷ್ಠಿಗಳಾಗಿವೆ. ನನಗೆ ಮಾತ್ರ ಇವು ಒಂದೇ ವಿದ್ಯೆಯ ಎರಡು ಪಾಠಗಳು. ಎರಡರಲ್ಲೂ ನಾವು ಗುಂಪು ಕಟ್ಟಿ ಹೆಸರಿಡುತ್ತೇವೆ. ಯಾವ ಕಾರಣಕ್ಕೆ ಆ ಗುಂಪು ಕಟ್ಟಿದೆವು ಎನ್ನುವುದು ಫೈಲಿನಲ್ಲಿ ಉಳಿದರೆ ಕೆಲಸ ಬಾಳುತ್ತದೆ. ಇಲ್ಲದಿದ್ದರೆ ನಮ್ಮ ಫೈಲು ಮುಂದಿನವರ ಪಾಲಿಗೆ ಒಗಟು.

ಮೊದಲು ಆಯ್ಕೆಯ ಮಾತು. ಒಂದು ಕನ್ವೇಯರ್ ಅಸೆಂಬ್ಲಿ, ಅದರಲ್ಲಿ 400 ಬೋಲ್ಟು ಎಂದಿಟ್ಟುಕೊಳ್ಳಿ. ಡ್ರಾಯಿಂಗ್‌ನ ಒಂದು ನೋಟದಲ್ಲಿ ಬೋಲ್ಟು, ನಟ್ಟು, ವಾಷರು ಕಾಣಬಾರದು. ಹುಡುಗ ಕಂಟ್ರೋಲ್ ಕೀ ಒತ್ತಿ ಹಿಡಿದು ಒಂದೊಂದನ್ನೇ ಆರಿಸುತ್ತಾ ಹೋಗುತ್ತಾನೆ. ಮುನ್ನೂರು ದಾಟಿದ ಮೇಲೆ ಖಾಲಿ ಜಾಗದಲ್ಲಿ ಒಂದು ಕ್ಲಿಕ್ ಬೀಳುತ್ತದೆ, ಎಲ್ಲ ಅಳಿಸಿಹೋಗುತ್ತದೆ. ನಗಬೇಡಿ, ಹೀಗೆ ಊಟದ ಹೊತ್ತು ಕಳೆದುಕೊಂಡವರು ಈ ಸಭೆಯಲ್ಲೇ ಬೇಕಾದಷ್ಟು ಜನರಿದ್ದೀರಿ.

ಸ್ವಲ್ಪ ಪಳಗಿದವರು ಆ ಆಯ್ಕೆಯನ್ನು ಸೆಲೆಕ್ಷನ್ ಸೆಟ್ ಎಂದು ಉಳಿಸಿಕೊಳ್ಳುತ್ತಾರೆ. ನಾಳೆ ಒಂದೇ ಕ್ಲಿಕ್ ಸಾಕು. ಆದರೆ ಅದು ಒಂದು ಪಟ್ಟಿ ಮಾತ್ರ. ನಾಡಿದ್ದು ಎಂಟು ಬೋಲ್ಟು ಹೆಚ್ಚಾದರೆ ಪಟ್ಟಿಗೆ ಅದು ಗೊತ್ತಾಗುವುದಿಲ್ಲ. ಇನ್ನೂ ಪಳಗಿದವರು ನಿಯಮ ಬರೆಯುತ್ತಾರೆ: ‘ವರ್ಗ: ಫಾಸ್ಟನರ್’ ಎಂಬ ಪ್ರಾಪರ್ಟಿ ಇರುವ ಎಲ್ಲವನ್ನೂ ಆರಿಸು. ನಾಡಿದ್ದು ಬರುವ ಎಂಟು ಬೋಲ್ಟೂ ಅದಕ್ಕೆ ಸಿಗುತ್ತವೆ. ಆದರೆ ಇದಕ್ಕೆ ಒಂದು ಬೆಲೆ ಇದೆ. ಪ್ರತಿ ಪಾರ್ಟನ್ನು ಮೊದಲ ಸಲ ಸೇವ್ ಮಾಡುವಾಗಲೇ ಯಾರೋ ಒಬ್ಬರು ಆ ಪ್ರಾಪರ್ಟಿಯನ್ನು ತುಂಬಿರಬೇಕು. ಬಿತ್ತದೆ ಕೊಯ್ಯಲಾಗದು.

ಹಾಗೆಂದು ಪಟ್ಟಿ ಕೀಳಲ್ಲ. ‘ಗ್ರಾಹಕರು ಬಂದು ಪರೀಕ್ಷಿಸುವ ಆರು ಬೋಲ್ಟು’ ಎಂಬುದಕ್ಕೆ ಪಟ್ಟಿಯೇ ಸರಿ, ಅಲ್ಲಿ ಏಳನೆಯದು ತಾನಾಗಿ ಸೇರಬಾರದು. ಎಲ್ಲಿ ಪಟ್ಟಿ, ಎಲ್ಲಿ ನಿಯಮ ಎಂಬ ವಿವೇಕವನ್ನೇ ನಾವು ಕಲಿಸಬೇಕಾದದ್ದು.

ಪಾರ್ಟುಗಳನ್ನು ಬಿಟ್ಟು ಮುಖ, ಅಂಚುಗಳಿಗೆ ಬಂದರೆ ಕಷ್ಟ ಇನ್ನೂ ಆಳ. ನಾವು ‘ಮೋಟರ್ ಕೂರುವ ಮೇಲ್ಮೈ’ ಎಂದುಕೊಂಡು ಕ್ಲಿಕ್ ಮಾಡುತ್ತೇವೆ, ಸಾಫ್ಟ್‌ವೇರ್ ‘ಮುಖ 6’ ಎಂದು ಬರೆದುಕೊಳ್ಳಬಹುದು. ಹಿಂದಿನ ಸ್ಕೆಚ್‌ನಲ್ಲಿ ಒಂದು ಗೆರೆ ಹೆಚ್ಚಾದರೆ ಎಣಿಕೆ ಸರಿದು, ‘ಮುಖ 6’ ಬೇರೆಲ್ಲೋ ಹೋಗಿ ಕೂರುತ್ತದೆ. ಅದನ್ನು ನಂಬಿಕೊಂಡಿದ್ದ ರಂಧ್ರ, ಫಿಲೆಟ್, ಮೇಟ್ ಎಲ್ಲ ಕೆಂಪಾಗುತ್ತವೆ. ಉಚಿತವಾಗಿ ಸಿಗುವ ಫ್ರೀಕ್ಯಾಡ್ ಬಳಸಿದವರಿಗೆ ಈ ನೋವು ವರ್ಷಗಟ್ಟಲೆ ಪರಿಚಿತ. 2024ರ ನವೆಂಬರ್‌ನಲ್ಲಿ ಬಂದ ಅದರ 1.0 ಆವೃತ್ತಿ ಇದನ್ನು ಬಹುಮಟ್ಟಿಗೆ ತಗ್ಗಿಸಿತು. ಮುಖಕ್ಕೆ ಸಂಖ್ಯೆ ಕೊಡುವುದು ಸುಲಭ, ಅರ್ಥ ಕೊಡುವುದು ಕಷ್ಟ. ಅರ್ಥ ಕೊಡಬಲ್ಲವರು ವಿನ್ಯಾಸಕರೇ.

ಇನ್ನು ಕಾನ್ಫಿಗರೇಶನ್. ಇದು ಕಂಪ್ಯೂಟರ್ ತಂದ ಹೊಸ ವಿಚಾರವೇನೂ ಅಲ್ಲ. ಟ್ರೇಸಿಂಗ್ ಪೇಪರ್, ಅಮೋನಿಯಾ ಪ್ರಿಂಟಿನ ಕಾಲದಲ್ಲೂ ಒಂದೇ ಚಿತ್ರ ಬರೆದು, ಅಳತೆಗಳಿಗೆ ಎ, ಬಿ, ಸಿ ಎಂದು ಹೆಸರಿಟ್ಟು, ಮೂಲೆಯಲ್ಲಿ ಕೋಷ್ಟಕ ಹಾಕುತ್ತಿದ್ದೆವು. 1963ರಲ್ಲಿ ಐವನ್ ಸದರ್ಲೆಂಡ್ ಎಂಐಟಿಯಲ್ಲಿ ಮಾಡಿ ತೋರಿಸಿದ ಸ್ಕೆಚ್‌ಪ್ಯಾಡ್‌ನಲ್ಲಿ ಮೂಲ ಚಿತ್ರವೊಂದನ್ನು ತಿದ್ದಿದರೆ ಅದರ ಎಲ್ಲ ಪ್ರತಿರೂಪಗಳೂ ತಿದ್ದಿಕೊಳ್ಳುತ್ತಿದ್ದವು. ಇಂದು ಸಾಲಿಡ್‌ವರ್ಕ್ಸ್‌ನವರು ಕಾನ್ಫಿಗರೇಶನ್ ಎನ್ನುತ್ತಾರೆ, ಕ್ರಿಯೋದವರು ಫ್ಯಾಮಿಲಿ ಟೇಬಲ್, ಇನ್ವೆಂಟರ್‌ನವರು ಮಾಡೆಲ್ ಸ್ಟೇಟ್. ಬೇರು ಆ ಹಳೆಯ ಕೋಷ್ಟಕವೇ.

ಇದರಲ್ಲಿ ನಾನೇ ಬಿದ್ದ ಗುಂಡಿಯೊಂದನ್ನು ಹೇಳಿಬಿಡುತ್ತೇನೆ. ಸುಮಾರು ಇಪ್ಪತ್ತು ವರ್ಷದ ಹಿಂದೆ ಒಂದು ಸಣ್ಣ ಕಾರ್ಖಾನೆಯಲ್ಲಿ ಪಂಪ್‌ಸೆಟ್ಟಿನ ಬೇಸ್ ಪ್ಲೇಟ್ ನನ್ನ ಪಾಲಿಗೆ ಬಂತು. 5 ಎಚ್‌ಪಿ ಮೋಟರಿನ ಕಾಲುಗಳ ರಂಧ್ರಗಳ ನಡುವೆ ಅಡ್ಡಕ್ಕೆ 190 ಮಿಲಿಮೀಟರ್, 7.5 ಎಚ್‌ಪಿಗೆ 216. ದೊಡ್ಡ ಮೋಟರಿನ ಕಾನ್ಫಿಗರೇಶನ್ ತೆರೆದು 216 ಎಂದು ಟೈಪಿಸಿದೆ. ‘ಈ ಕಾನ್ಫಿಗರೇಶನ್‌ಗೆ ಮಾತ್ರವೇ, ಎಲ್ಲಕ್ಕೂ ಬೇಕೇ’ ಎಂದು ಪಕ್ಕದಲ್ಲೇ ಕೇಳುವ ಸಣ್ಣ ಪಟ್ಟಿಯ ಕಡೆ ನೋಡಲಿಲ್ಲ, ಅದು ‘ಎಲ್ಲಕ್ಕೂ’ ಎಂದಿತ್ತು. ಮೂರನೇ ದಿನ ಫಿಟ್ಟರ್ ಬಂದು, “ಸಾರ್, ಸಣ್ಣ ಮೋಟ್ರು ಕೂರ್ತಾ ಇಲ್ಲ” ಅಂದರು. ಅಷ್ಟರಲ್ಲಿ 12 ಪ್ಲೇಟುಗಳಿಗೆ ರಂಧ್ರ ಬಿದ್ದಿತ್ತು. ಆ ಕಾನ್ಫಿಗರೇಶನ್‌ಗಳಿಗೆ ನಾನಿಟ್ಟಿದ್ದ ಹೆಸರು ‘ಡಿಫಾಲ್ಟ್’ ಮತ್ತು ‘ಹೊಸದು-2’. ಚೆಕ್ ಮಾಡಿದವರಿಗೂ ಯಾವುದು ಯಾವ ಮೋಟರಿನದೆಂದು ತಿಳಿಯುವ ದಾರಿ ಇರಲಿಲ್ಲ.

ಮತ್ತೊಂದು ಗುಂಡಿ, ಹೈಡ್ ಮತ್ತು ಸಪ್ರೆಸ್ ಎರಡೂ ಒಂದೇ ಎಂಬ ಭ್ರಮೆ. ಹೈಡ್ ಮಾಡಿದ ಪಾರ್ಟು ಕಣ್ಣಿಗೆ ಕಾಣದಿದ್ದರೂ ತೂಕದಲ್ಲಿದೆ, ಬಿಲ್ ಆಫ್ ಮೆಟೀರಿಯಲ್‌ನಲ್ಲೂ ಸಾಮಾನ್ಯವಾಗಿ ಇರುತ್ತದೆ. ಸಪ್ರೆಸ್ ಮಾಡಿದ್ದು ಆ ರೂಪದ ಲೆಕ್ಕದಿಂದಲೇ ಹೊರಗೆ. ಸಪ್ರೆಸ್ ಮಾಡುವ ಕಡೆ ಹೈಡ್ ಮಾಡಿದರೆ ಬೇಡದ ಸಾಮಾನಿಗೆ ಪರ್ಚೇಸ್ ಆರ್ಡರ್ ಹೋಗುತ್ತದೆ.

ಲೆಕ್ಕವನ್ನೂ ಗಮನಿಸಿ. ಮೂರು ಮೋಟರು, ಎರಡು ಕಡೆಯ ಜೋಡಣೆ, ನಾಲ್ಕು ಉದ್ದ, ಎರಡು ಬಗೆಯ ಗಾರ್ಡ್. ಎಲ್ಲವನ್ನೂ ಮೇಲಿನ ಅಸೆಂಬ್ಲಿಯಲ್ಲೇ ಬಿಡಿಸಿದರೆ 48 ಕಾನ್ಫಿಗರೇಶನ್. ಪ್ರತಿ ಉಪ ಅಸೆಂಬ್ಲಿ ತನ್ನ ರೂಪಗಳನ್ನು ತಾನೇ ಇಟ್ಟುಕೊಂಡರೆ ಕಾಯಬೇಕಾದ ರೂಪಗಳು 11, ಮೇಲೆ ಆರ್ಡರ್ ಬಂದ ಜೋಡಿಗಳನ್ನು ಮಾತ್ರ ಕಟ್ಟಿದರಾಯಿತು. ಒಟ್ಟಿಗೆ ಬದಲಾಗುವುದನ್ನು ಒಟ್ಟಿಗಿಡುವ ಪಾಣಿನಿಯ ಉಪಾಯ ಇಲ್ಲೂ ನಡೆಯುತ್ತದೆ.

ದೊಡ್ಡವರಿಗೂ ಇದು ಸುಲಭವಾಗಿರಲಿಲ್ಲ. ಏರ್‌ಬಸ್ ಎ380ರ ಕಥೆ ನಿಮಗೆ ಗೊತ್ತಿರಬಹುದು. ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ವೈರಿಂಗ್ ಹಾಕಿದ ಭಾಗಗಳು ಫ್ರಾನ್ಸಿನ ಟುಲೂಸ್‌ಗೆ ಬಂದಾಗ ವೈರುಗಳು ಗಿಡ್ಡವಾಗಿ, ಜೋಡಣೆ ಕೂಡಿಬರಲಿಲ್ಲ. ಒಂದು ಕಡೆ ಕಟಿಯಾ ಎಂಬ ಕ್ಯಾಡ್ ಸಾಫ್ಟ್‌ವೇರಿನ ನಾಲ್ಕನೇ ಆವೃತ್ತಿ, ಇನ್ನೊಂದು ಕಡೆ ಐದನೆಯದು. ಅದರ ಮೇಲೆ ಪ್ರತಿ ವಿಮಾನ ಸಂಸ್ಥೆಗೂ ಕ್ಯಾಬಿನ್ ವೈರಿಂಗ್ ಬೇರೆ ಬೇರೆ. 2006ರಲ್ಲಿ ವಿಳಂಬದ ಮೇಲೆ ವಿಳಂಬ ಘೋಷಣೆಯಾಗಿ, ಮೊದಲ ವಿಮಾನ ಗ್ರಾಹಕರ ಕೈ ಸೇರಿದ್ದು 2007ರ ಅಕ್ಟೋಬರ್‌ನಲ್ಲಿ. ಎರಡೂ ಕಡೆ ನುರಿತವರೇ ಇದ್ದರು. ಆದರೆ ‘ಈ ರೂಪ’ ಎಂದಾಗ ಎರಡೂ ಕಡೆಯವರಿಗೆ ಒಂದೇ ರೂಪ ಕಾಣುತ್ತಿರಲಿಲ್ಲ.

ಸಂಕಿರಣದ ಮುಂದೆ ಮೂರು ಪ್ರಶ್ನೆಗಳನ್ನಿಟ್ಟು ಮುಗಿಸುತ್ತೇನೆ. ಒಂದು, ಕಾನ್ಫಿಗರೇಶನ್ ಹುಟ್ಟಿಸುವ ಅಧಿಕಾರ ಎಲ್ಲರಿಗೂ ಇದೆ, ಹಳೆಯದನ್ನು ತೆಗೆಯುವ ಹೊಣೆ ಯಾರದು? ಎರಡು, ಅಧ್ಯಾಪಕರೇ, ಲ್ಯಾಬ್ ಪರೀಕ್ಷೆಯಲ್ಲಿ ನಾವು ಮುಗಿದ ಆಕಾರಕ್ಕೆ ಅಂಕ ಕೊಡುತ್ತೇವೆ. ಒಬ್ಬ ವಿದ್ಯಾರ್ಥಿಯ ಫೈಲನ್ನು ಇನ್ನೊಬ್ಬನಿಗೆ ಕೊಟ್ಟು ‘ಇದನ್ನು ತಿದ್ದು’ ಎಂದು ಯಾಕೆ ಪರೀಕ್ಷಿಸಬಾರದು? ಮೂರು, ಕಾನ್ಫಿಗರೇಶನ್‌ಗೆ ವಿವರಣೆ ಬರೆಯುವ ಜಾಗದಲ್ಲಿ ಕನ್ನಡವನ್ನೂ ಬರೆಯಬಹುದಲ್ಲವೇ? ಶಾಪ್ ಫ್ಲೋರಿನಲ್ಲಿ ‘ದೊಡ್ಡ ಮೋಟ್ರಿಂದು’ ಎಂದೇ ಕರೆಯುವ ಪ್ಲೇಟಿಗೆ ಆ ಹೆಸರು ಫೈಲಿನಲ್ಲೂ ಇದ್ದಿದ್ದರೆ, ನನ್ನ 12 ಪ್ಲೇಟುಗಳ ತಪ್ಪು ಫಿಟ್ಟರ್ ಕಣ್ಣಿಗೆ ಮೊದಲ ದಿನವೇ ಬೀಳುತ್ತಿತ್ತೇನೋ.

ಈ ಎರಡು ದಿನ ಇಲ್ಲಿ ಪ್ರಬಂಧಗಳು ನಡೆಯುವಾಗ, ನಿಮ್ಮ ಆಫೀಸಿನಲ್ಲಿ ಯಾರೋ ನಿಮ್ಮ ಫೈಲು ತೆರೆದು ಕೂತಿರುತ್ತಾರೆ. ನಿಮ್ಮ ಫೋನ್ ಎಷ್ಟು ಸಲ ರಿಂಗಾಗುತ್ತದೆ, ಎಣಿಸಿಟ್ಟುಕೊಳ್ಳಿ. ನಾಳೆ ಸಮಾರೋಪದಲ್ಲಿ ಅದನ್ನೇ ಕೇಳುತ್ತೇನೆ.