ತಳಿಗೆ ಸಾವಿರಾರು, ತಾಳ್ಮೆಗೆ ಸೊನ್ನೆ

ಹಿರಿಯೂರು ತಾಲ್ಲೂಕಿನ ಆದಿವಾಲದಲ್ಲಿ ನಮ್ಮಕ್ಕನ ಮನೆ. ಹೋದ ಬೇಸಿಗೇಲಿ ಮಕ್ಕಳ ಹಠಕ್ಕೆ ಬೆಂಗಳೂರಿಂದ ಪರ್ಷಿಯನ್ ಬೆಕ್ಕಿನ ಮರಿ ತಂದರು. ಹೆದ್ದಾರಿಯಲ್ಲಿ ಮೂರು ಗಂಟೆ ಬುಟ್ಟಿಯೊಳಗೆ ಕೂತು ಬಂದ ಮರಿ. ಇಳಿಸಿದ್ದೇ ತಡ, ಅಕ್ಕಪಕ್ಕದ ಮಕ್ಕಳೆಲ್ಲ ಕೈಯಿಂದ ಕೈಗೆ ಎತ್ತಾಡಿದರು. ಅಕ್ಕ ಪ್ರೀತಿಯಿಂದ ಬಟ್ಟಲು ತುಂಬ ಹಸುವಿನ ಹಾಲಿಟ್ಟಳು. ರಾತ್ರಿಗೇ ಭೇದಿ ಶುರು. ಮರಿ ಮಂಚದಡಿ ಸೇರಿ ನಡುಗುತ್ತಿತ್ತು.

ಪಶುವೈದ್ಯರು ಮೊದಲು ಕೇಳಿದ್ದು ವಯಸ್ಸು. 8 ವಾರ. 12 ವಾರವಾದರೂ ತಾಯಿ ಜೊತೆ ಇರಬೇಕಿತ್ತು ಅಂದರು. ಹಾಲು ಅರಗಲ್ಲ, ನೀರಿಡಿ. ಅಲ್ಲಿ ತಿನ್ನುತ್ತಿದ್ದ ಆಹಾರವನ್ನೇ ಮುಂದುವರಿಸಿ. ತಂಪಾದ ಒಂದು ಕೋಣೆ, ಮರಳಿನ ಟ್ರೇ, ಅವಿತುಕೊಳ್ಳೋಕೆ ರಟ್ಟಿನ ಪೆಟ್ಟಿಗೆ ಕೊಡಿ. ತಾನಾಗಿ ಬರೋವರೆಗೂ ಎತ್ತಬೇಡಿ. ಲಸಿಕೆಗಳು ಮುಗಿಯೋವರೆಗೂ ಬೀದಿ ಬೆಕ್ಕುಗಳ ಜೊತೆ ಬಿಡಬೇಡಿ. ಉದ್ದ ಕೂದಲು, ದಿನಾ ಬಾಚಿ. ಚಪ್ಪಟೆ ಮೂತಿ, ನಿಮ್ಮೂರ ಬಿಸಿಲು ತಡೆಯಲ್ಲ.

ವಾರ ಕಳೆದ ಮೇಲೆ ಅದೇ ಹೊರಗೆ ಬಂತು. ಅಕ್ಕನ ಸೆರಗಿನ ಮೇಲೆ ಮಲಗಿತು.

ನನ್ನ ಪ್ರಶ್ನೆ ಇಷ್ಟೇ. ತಳಿಗೆ ಸಾವಿರಾರು ರೂಪಾಯಿ ಎಣಿಸ್ತೀವಿ. ಒಂದು ವಾರ ಸುಮ್ಮನೆ ಬಿಡೋಕೆ ಯಾಕೆ ಆಗಲ್ಲ? ಅದು ಅಮ್ಮನನ್ನು ಬಿಟ್ಟು ಬಂದ ಕೂಸು, ಷೋಕೇಸಿನ ಗೊಂಬೆಯಲ್ಲ.